ಶಕ್ತಿ ಹೆಚ್ಚಿಸುವುದು ಯಾರಿಗಾಗಿ?

ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಮನೆತನವೊಂದಿದೆ. ವಿಜಾಪುರದ ಕಡೆಯಿಂದ ಇಲ್ಲಿಗೆ ಬಂದು ಮೂರು ತಲೆಮಾರಾಯಿತು. ಆ ಮನೆಯ ಅಜ್ಜ ಲಾರಿ ಓಡಿಸಿ ಮಕ್ಕಳನ್ನು ಓದಿಸಿದವರು. ಸೋಲಾಪುರದ ಮೇಲಿಂದ ಬಂದು, ಖಂಡಾಳ ಘಾಟ ಇಳಿದು, ಶೇಂಗಾ ಜೋಳ ಹೊತ್ತು ಮುಂಬಯಿ ಸೇರುತ್ತಿದ್ದ ಅವರ ಹಳೆಯ ಶೆವರ್ಲೆ ಲಾರಿ ಕಲ್ಯಾಣ–ಶೀಳ್ ರಸ್ತೆಯ ಬದಿಯ ಷೆಡ್ಡೊಂದರಲ್ಲಿ ಇಂದಿಗೂ ನಿಂತಿದೆ. ಮೊಮ್ಮಗ ಎಂಜಿನಿಯರು, ನವಿ ಮುಂಬಯಿಯಲ್ಲಿ ನೌಕರಿ. ರವಿವಾರ ಬಂತೆಂದರೆ ಅವನ ವಾಸ ಲಾರಿಯ ಕೆಳಗೆ. ಅದರ ಆರು ಸಿಲಿಂಡರಿನ ಬಡ ಎಂಜಿನ್ನಿಗೆ ಟರ್ಬೋಚಾರ್ಜರ್ ಕೂಡಿಸಿ ಶಕ್ತಿ ಹೆಚ್ಚಿಸಬೇಕೆಂಬುದು ಅವನ ಹಂಬಲ. "ಗಾಡಿ ಕೆಡಸಬ್ಯಾಡೋ ತಮ್ಮಾ" ಎಂಬುದು ಅಜ್ಜನ ಮಾತು. ಅವರ ಮನೆಗೆ ಚಹಾಕ್ಕೆಂದು ಹೋದ ನಾವು ಒಂದು ಪ್ರಶ್ನೆಯನ್ನು ಹೊತ್ತು ಮರಳಿದೆವು. ಒಂದು ವಸ್ತುವನ್ನು ಪ್ರೀತಿಸುವುದೆಂದರೆ ಅದನ್ನು ಇದ್ದಂತೆ ಉಳಿಸುವುದೋ, ಇನ್ನೂ ಮೇಲಕ್ಕೆ ಒಯ್ಯುವುದೋ?

ಈ ಬಗೆಯ ಲಾರಿಗಳಿಗೂ ಮುಂಬಯಿಗೂ ಹಳೆಯ ನಂಟು. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಇಲ್ಲಿಯ ಶಿವಡಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು, 1954ರಲ್ಲಿ ಮುಚ್ಚಿತು. ಶೆವರ್ಲೆಯವರು ನಾಲ್ಕು ಸಿಲಿಂಡರಿನ ಬೆಲೆಗೇ ಆರು ಕೊಡುತ್ತೇವೆಂದು 1929ರಲ್ಲಿ ಸಾರಿ ತಂದ ಎಂಜಿನ್ನು ಲಾರಿಗಳಿಗೂ ಬಂತು. ಅದರ ಬೋಲ್ಟುಗಳು ಒಲೆಯ ಬೋಲ್ಟುಗಳಂತಿವೆಯೆಂದು ಅಮೇರಿಕದ ಜನ ಗೇಲಿ ಮಾಡಿದರು. ಆದರೂ ಅದು ಕೆಲಸಗಾರ ಎಂಜಿನ್ನು. ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರುಗಳು ಒಂದರ ತೂಕವನ್ನೊಂದು ಸರಿದೂಗಿಸುತ್ತವೆ. ಆದ್ದರಿಂದ ನಡುಕ ಕಡಿಮೆ, ಓಟ ಮೃದು.

ಬಡ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯುವ ಹುಚ್ಚು ಹುಡುಗನೊಬ್ಬನದೇ ಅಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೇರಿಕದ ತರುಣರು ಇದೇ ಎಂಜಿನ್ನಿಗೆ ಎರಡು ಕಾರ್ಬ್ಯುರೇಟರು ಕೂಡಿಸಿದರು, ಹೊಗೆಯ ಕೊಳವೆ ಇಬ್ಭಾಗಿಸಿದರು, ಹೆಡ್ಡನ್ನು ತಾಸಿ ಒಳಗಿನ ಒತ್ತಡ ಏರಿಸಿದರು. ವೇಗವೇನೋ ಬಂತು. ಆದರೆ ಹಳೆಯ ಮಾದರಿಗಳಲ್ಲಿ ಕನೆಕ್ಟಿಂಗ್ ರಾಡುಗಳು ಕೆಳಗಿನ ಎಣ್ಣೆಯನ್ನು ತಾವೇ ಮೊಗೆದುಕೊಳ್ಳಬೇಕಿತ್ತು. ಪಂಪಿನ ಒತ್ತಡ ಅಲ್ಲಿಗೆ ತಲುಪುತ್ತಿರಲಿಲ್ಲ. ನಿಧಾನಕ್ಕೆ ಅದು ಸಾಕು, ಬಹಳ ಹೊತ್ತಿನ ವೇಗಕ್ಕೆ ಸಾಲದು. ಎಣ್ಣೆ ಸಾಲದಾದಾಗ ಬೇರಿಂಗು ಕರಗುತ್ತದೆ. ಶಕ್ತಿ ಕಣ್ಣಿಗೆ ಕಾಣುತ್ತದೆ. ಅದನ್ನು ತಾಳಿಕೊಳ್ಳುವ ಗುಣ ಕಾಣುವುದಿಲ್ಲ.

ಇನ್ನು ಅಜ್ಜನ ವಾದಕ್ಕೆ ಬರೋಣ. ಗಾಡಿ ಮೊದಲಿದ್ದಂತೆಯೇ ಇರಲಿ ಎನ್ನುತ್ತಾರಷ್ಟೆ. ಮೊಮ್ಮಗ ನಕ್ಕು ಕೇಳಿದ: "ಅಜ್ಜಾ, ಮೊದಲಿನ ಪೆಟ್ರೋಲ್ ಎಂಜಿನ್ನು ಎಲ್ಲೈತಿ?" ಅಜ್ಜ ಉತ್ತರ ಕೊಡಲಿಲ್ಲ. 1965ರ ಸುಮಾರಿಗೆ ಅವರೇ ಅದನ್ನು ತೆಗೆಸಿ, ಆರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್ನು ಕೂಡಿಸಿದ್ದರು. ಮದರಾಸಿನ ಸಿಂಪ್ಸನ್ ಕಂಪನಿ ಇಂಥ ಎಂಜಿನ್ನುಗಳನ್ನು ತಯಾರಿಸುತ್ತಿತ್ತು. ಪೆಟ್ರೋಲಿಗಿಂತ ಡೀಸೆಲ್ ಅಗ್ಗವಾದ್ದರಿಂದ ಆಗ ಎಷ್ಟೋ ಮಾಲೀಕರು ಹೀಗೆಯೇ ಮಾಡಿದರು.

ಹಾಗಾದರೆ ಈಗ ಷೆಡ್ಡಿನಲ್ಲಿರುವುದು ಯಾವ ಲಾರಿ? ಇದು ಹೊಸ ಪ್ರಶ್ನೆಯಲ್ಲ. 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನನು ರಥದಲ್ಲಿ ಬಂದ ದೊರೆಯನ್ನು ಕೇಳುತ್ತಾನೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ನಾವಿಟ್ಟ ಹೆಸರು ಅದು. ಸರಕಾರದ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕೆ ತಪ್ಪುವಂತೆ ಗಾಡಿಯನ್ನು ಮನಬಂದಂತೆ ಬದಲಿಸಕೂಡದು. ಎಂಜಿನ್ನು ಬದಲಿಸಲು ಅನುಮತಿ ಬೇಕು. 2021ರ ನಿಯಮ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ 'ವಿಂಟೇಜ್' ಎಂಬ ಮರ್ಯಾದೆ ಕೊಡುತ್ತದೆ. ಆ ಮರ್ಯಾದೆ ದ್ವಿಚಕ್ರಗಳಿಗೆ, ಸ್ವಂತದ ಕಾರುಗಳಿಗೆ, ಲಾರಿಗಿಲ್ಲ. ದುಡಿದವರಿಗೆ ಪದಕ ಸಿಗುವುದು ಲೋಕದಲ್ಲಿ ಅಪರೂಪವೇ.

ಮೂಲರೂಪವೆಂಬುದು ಅಜ್ಜನ ಕೈಯಲ್ಲೇ ತಪ್ಪಿರುವಾಗ ಅವರ ಆಕ್ಷೇಪಕ್ಕೆ ಅರ್ಥವಿದೆಯೇ? ಬಹಳ ಹೊತ್ತಿನ ಮೇಲೆ ಅವರು ಬಾಯಿ ಬಿಟ್ಟರು. "ನಾನೂ ಬದಲ್ ಮಾಡೀನಿ, ಖರೆ. ಎಂಜಿನ್ ಹಾಕೂಕಿಂತ ಮೊದಲ ಬ್ರೇಕ್ ಮಾಡಿಸೀನಿ. ಘಾಟದಾಗ ಗಾಡಿ ಓಡಿದ್ರ ಸಾಯಾವರು ನಾ ಒಬ್ಬನ ಅಲ್ಲ."

ಈ ಮಾತಿನಲ್ಲಿ ನಮಗೆ ಒಂದು ಅಳತೆಗೋಲು ಸಿಕ್ಕಿತು. ಹೊಟ್ಟೆಗಾಗಿ ಮಾಡಿದ ಬದಲಾವಣೆ ಪುಣ್ಯ, ಹವ್ಯಾಸಕ್ಕಾಗಿ ಮಾಡಿದ್ದು ಪಾಪ ಎಂದು ನಾವು ಹೇಳಲಾರೆವು. ಮನುಷ್ಯ ಅನ್ನದಿಂದಷ್ಟೇ ಬದುಕುವುದಿಲ್ಲ. ವಾರವಿಡೀ ಲೋಕಲ್ ಗಾಡಿಯಲ್ಲಿ ನಿಂತು ಹೋಗಿಬರುವ ಹುಡುಗನಿಗೆ ರವಿವಾರದ ಗ್ರೀಸು ಕೂಡ ಒಂದು ಪೂಜೆಯೇ. ಕೇಳಬೇಕಾದ್ದು ಬೇರೆ. ಹೆಚ್ಚಿದ ಶಕ್ತಿಯನ್ನು ತಾಳಲು ಉಳಿದ ಅಂಗಗಳನ್ನು ಸಿದ್ಧಗೊಳಿಸಿದ್ದೇವೆಯೇ? ಕೆಟ್ಟರೆ ಆ ನಷ್ಟ ಯಾರ ತಲೆಗೆ? ಟರ್ಬೋ ಹೆಚ್ಚು ಗಾಳಿ ತುಂಬುತ್ತದೆ, ಜೊತೆಗೆ ಹೆಚ್ಚು ಡೀಸೆಲ್ ಉರಿಯುತ್ತದೆ, ಶಾಖ ಏರುತ್ತದೆ. ಪಿಸ್ಟನ್ನು, ಗ್ಯಾಸ್ಕೆಟ್ಟು, ರೇಡಿಯೇಟರು, ಗೇರು, ಬ್ರೇಕು ಎಲ್ಲಕ್ಕೂ ಅದರ ಭಾರ ಬೀಳುತ್ತದೆ. ಒಂದಕ್ಕೆ ಕೊಟ್ಟು ಉಳಿದವನ್ನು ಮರೆತರೆ ಅದು ಪ್ರೀತಿಯಲ್ಲ, ನಮ್ಮ ಬಡಿವಾರ.

ಓದುಗರು ಕ್ಷಮಿಸಬೇಕು, ಲಾರಿಯ ಮಾತಿನಲ್ಲಿ ನಮ್ಮ ಮನೆಗಳೇ ಕಣ್ಣ ಮುಂದೆ ಬಂದವು. ಠಾಣೆಯಿಂದ ಕಲ್ಯಾಣದವರೆಗೆ ಎಷ್ಟು ಮನೆಗಳಲ್ಲಿ ನಾವು ಮಕ್ಕಳ ಹೆಡ್ಡು ತಾಸಿ ಒತ್ತಡ ಏರಿಸುತ್ತಿಲ್ಲ! ಶಾಲೆಯ ಮೇಲೆ ಕ್ಲಾಸು, ಕ್ಲಾಸಿನ ಮೇಲೆ ಇನ್ನೊಂದು ಕ್ಲಾಸು. ಊರು ಬಿಟ್ಟು ಬಂದ ನಾವೂ ಬದಲಾದವರೇ. ಬದಲಾಗದಿದ್ದರೆ ಈ ನಗರದಲ್ಲಿ ನಮಗೆ ಅನ್ನವಿರಲಿಲ್ಲ. ಆದ್ದರಿಂದ ಮಕ್ಕಳಿಗೆ ಬದಲಾಗಬೇಡಿ ಎನ್ನುವ ಹಕ್ಕು ನಮಗಿಲ್ಲ. ಅವರು ನಮ್ಮ ಹೆಮ್ಮೆಗಾಗಿ ಓಡಲಿ ಎನ್ನುವ ಹಕ್ಕೂ ಇಲ್ಲ. ಅವರ ನಿದ್ದೆ, ಆಟ, ಮನೆಮಾತು ಇವೇ ಅವರ ಎಣ್ಣೆ ನೀರು ಬ್ರೇಕು. ಅವನ್ನು ನೋಡಿಕೊಳ್ಳದೆ ವೇಗವನ್ನಷ್ಟೇ ಕೇಳುವವರು, ಬೇರಿಂಗು ಕರಗಿದ ದಿನ ಯಾರನ್ನು ದೂರುವುದು?

ಕಳೆದ ತಿಂಗಳು ಮತ್ತೆ ಹೋಗಿದ್ದೆವು. ಟರ್ಬೋ ಇನ್ನೂ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿದೆ. ಹುಡುಗ ಬ್ರೇಕಿನ ಡ್ರಮ್ಮು ಬಿಚ್ಚಿ ಕುಳಿತಿದ್ದ. ಅಜ್ಜ ಸ್ಟೂಲಿನ ಮೇಲೆ ಕುಳಿತು ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತಿದ್ದರು. ಇಬ್ಬರೂ ಜಗಳವಾಡುತ್ತಲೇ ಇದ್ದರು.