ಆಗ ಅದು ಸೋಜಿಗವೇ ಆಗಿರಲಿಲ್ಲ

ಹದಿನೇಳನೇ ಶತಮಾನದ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಎಂಬ ವೈದ್ಯ ಇಲಿ ತಯಾರಿಸುವ ವಿಧಾನವೊಂದನ್ನು ಬರೆದಿಟ್ಟಿದ್ದಾನೆ. ಗೋಧಿ ತುಂಬಿದ ಮಡಕೆಯ ಬಾಯಿಗೆ ಬೆವರು ಹಿಡಿದ ಕೊಳಕು ಅಂಗಿಯನ್ನು ತುರುಕಿ ಸುಮ್ಮನೆ ಬಿಡಬೇಕು. 21 ದಿನಕ್ಕೆ ಗೋಧಿ ಹೋಗಿ ಇಲಿ ಬಂದಿರುತ್ತದೆ. ಮರಿಯೂ ಅಲ್ಲ, ಬಲಿತ ಇಲಿಗಳೇ, ಗಂಡೂ ಹೆಣ್ಣೂ. ಚೇಳು ಬೇಕಾದರೆ ಇಟ್ಟಿಗೆಯಲ್ಲಿ ಕುಳಿ ತೋಡಿ, ಜಜ್ಜಿದ ಕಾಮಕಸ್ತೂರಿ ಸೊಪ್ಪು ತುಂಬಿ, ಇನ್ನೊಂದು ಇಟ್ಟಿಗೆ ಮುಚ್ಚಿ ಬಿಸಿಲಿಗಿಡಬೇಕು.

ನಗು ಬರುತ್ತದೆ, ನಿಜ. ಆದರೆ ಇದೇ ಮನುಷ್ಯ 200 ಪೌಂಡ್ ಒಣಮಣ್ಣು ತೂಗಿ, ಅದರಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, 5 ವರ್ಷ ಬರೀ ನೀರೆರೆದು ಮತ್ತೆ ತೂಗಿದವನು. ಮರ 169 ಪೌಂಡ್ ಮುಟ್ಟಿತ್ತು, ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್. ಅಷ್ಟು ಲೆಕ್ಕಾಚಾರದವನಿಗೆ ಇಲಿ ಹೊರಗಿನಿಂದ ನುಗ್ಗಿರಬಹುದೆಂದು ಯಾಕೆ ಹೊಳೆಯಲಿಲ್ಲ? ಅನುಮಾನಪಡುವಂಥದ್ದೇನೂ ಅವನಿಗೆ ಅಲ್ಲಿ ಕಾಣಲಿಲ್ಲ ಎಂದೇ ನನ್ನ ಎಣಿಕೆ. ಹಾವುಮೀನು ಕೆಸರಿನಿಂದಲೇ ಏಳುತ್ತದೆಂದು ಅರಿಸ್ಟಾಟಲ್ ಹೇಳಿ ಎರಡು ಸಾವಿರ ವರ್ಷವಾಗಿತ್ತು. ನಮ್ಮ ಹಿರಿಯರೂ ಅಂಡಜ, ಜರಾಯುಜ, ಉದ್ಭಿಜ್ಜಗಳ ಸಾಲಿನಲ್ಲಿ ಸ್ವೇದಜಕ್ಕೊಂದು ಜಾಗ ಕೊಟ್ಟಿದ್ದರು. ಹೇನಿನಂಥವು ಬೆವರಿನಿಂದ, ಕಾವಿನಿಂದ ಹುಟ್ಟುವವು. ಕೊಳೆತಲ್ಲಿ ಜೀವ ಏಳುವುದು ಮಳೆ ಬಂದಲ್ಲಿ ಕೆಸರಾಗುವಷ್ಟೇ ಸಹಜವಾಗಿತ್ತು. ಜೀವ ತಾನಾಗಿ ಹುಟ್ಟುತ್ತದೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ಜೀವದ ಹುಟ್ಟು ಯಾರಿಗೂ ಸೋಜಿಗವೆನಿಸಿರಲಿಲ್ಲ.

1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಜಾಡಿಗಳಿಗೆ ತೆಳುಬಟ್ಟೆ ಕಟ್ಟಿ, ನೊಣ ಮೊಟ್ಟೆಯಿಡದೆ ಹುಳ ಇಲ್ಲ ಎಂದು ತೋರಿಸಿದ. ಹಾಗೆ ತೋರಿಸಿದವನೇ ಗಿಡದ ಗಂಟಿನೊಳಗಿನ ಹುಳವನ್ನು ಮಾತ್ರ ಗಿಡವೇ ಹುಟ್ಟಿಸುತ್ತದೆಂದು ನಂಬಿಕೊಂಡಿದ್ದ! ಆಮೇಲೆ ನೀಡಮ್, ಸ್ಪಲಾನ್ಜಾನಿ ಎಂಬ ವಿಜ್ಞಾನಿಗಳ ಜಗಳ: ಜೀವ ಹುಟ್ಟದಂತೆ ರಸವನ್ನು ಎಷ್ಟು ಹೊತ್ತು ಕುದಿಸಬೇಕು, ಎಷ್ಟು ಬಿಗಿಯಾಗಿ ಮುಚ್ಚಬೇಕು.

ಪಾಶ್ಚರ್ ಬಂದಮೇಲೆ ಕಥೆಗೆ ಕಳೆ ಬಂತು. 1860ರಲ್ಲಿ ಅವನು ಕುದಿಸಿ ಬಾಯಿ ಮುಚ್ಚಿದ ರಸದ ಬುರುಡೆಗಳನ್ನು ಊರೂರಿಗೆ ಹೊತ್ತ. ಆರ್ಬುವಾ ಪಟ್ಟಣದ ಬಳಿ 20 ತೆರೆದರೆ 8 ಕೆಟ್ಟವು; ಜೂರಾ ಬೆಟ್ಟದಲ್ಲಿ 20ಕ್ಕೆ 5; ಆಲ್ಪ್ಸ್‌ನ ಹಿಮನದಿಯ ಬಳಿ 20ಕ್ಕೆ 1. ಜೀವ ಗಾಳಿಯ ಗುಣದಿಂದಲ್ಲ, ಗಾಳಿಯಲ್ಲಿನ ಧೂಳಿನಿಂದ ಬರುತ್ತದೆ ಎಂಬುದು ಅವನ ವಾದ. ಎದುರಾಳಿ ರೂಆನ್‌ನ ಫೆಲಿಕ್ಸ್ ಪೂಷೆ. ಅವನು 1863ರಲ್ಲಿ ಪಿರನೀಸ್ ಪರ್ವತ ಹತ್ತಿ ತನ್ನ ಬುರುಡೆಗಳನ್ನು ತೆರೆದ. ಎಲ್ಲದರಲ್ಲೂ ಜೀವ ಬಂತು! ಪೂಷೆ ಸುಳ್ಳು ಹೇಳಿರಲಿಲ್ಲ. ಅವನು ಬಳಸಿದ್ದು ಒಣಹುಲ್ಲಿನ ಕಷಾಯ, ಪಾಶ್ಚರನದು ಯೀಸ್ಟಿನ ರಸ. ಒಣಹುಲ್ಲಿನಲ್ಲಿರುವ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ ಎಂಬುದು 1870ರ ದಶಕದಲ್ಲಿ ಟಿಂಡಲ್ ಮೊದಲಾದವರಿಂದ ತಿಳಿಯಿತು. ಪಾಶ್ಚರ್ ಹುಲ್ಲಿನ ಕಷಾಯವನ್ನೇ ಕುದಿಸಿದ್ದರೆ ಏನಾಗುತ್ತಿತ್ತೋ! ಗೆದ್ದವನು ಹೇಳಿದ್ದು ಸರಿ. ಆದರೆ ಸೋತವನ ಬುರುಡೆಗಳಲ್ಲಿ ಕಂಡದ್ದೂ ನಿಜವೇ.

ಜೀವ ಜೀವದಿಂದಲೇ ಬರುತ್ತದೆ ಎಂದು ಖಾತ್ರಿಯಾಯಿತು. ಆದ ಕೂಡಲೇ, ಅಲ್ಲಿಯವರೆಗೆ ಪ್ರಶ್ನೆಯೇ ಅಲ್ಲದ್ದು ದೊಡ್ಡ ಪ್ರಶ್ನೆಯಾಗಿ ಎದ್ದು ನಿಂತಿತು. ಹಾಗಾದರೆ ಮೊತ್ತಮೊದಲನೆಯದು? ಪಾಶ್ಚರ್ ಬಾಗಿಲು ಹಾಕಿದ ಎನ್ನುತ್ತಾರೆ. ಸೋಜಿಗಕ್ಕೆ ಬಾಗಿಲು ತೆರೆದವನೂ ಅವನೇ ಎಂದು ನನಗನ್ನಿಸುತ್ತದೆ. 1871ರಲ್ಲಿ ಡಾರ್ವಿನ್ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ, ಅಮೋನಿಯಾ, ಫಾಸ್ಫೇಟು, ಬೆಳಕು, ಬಿಸಿ, ವಿದ್ಯುತ್ತು ಕೂಡಿದ ಒಂದು ಬೆಚ್ಚನೆಯ ಪುಟ್ಟ ಹೊಂಡವನ್ನು ಊಹಿಸಿದ. ಇಂದು ಅಂಥ ಹೊಂಡದಲ್ಲಿ ಪ್ರೋಟೀನು ಹುಟ್ಟಿದರೂ ಈಗಿರುವ ಜೀವಿಗಳು ಅದನ್ನು ತಕ್ಷಣ ತಿಂದುಹಾಕುತ್ತವೆ ಎಂಬ ಮಾತನ್ನೂ ಸೇರಿಸಿದ. ಮೊದಲ ಜೀವಕ್ಕೆ ಅಂಥ ತೊಂದರೆಯಿರಲಿಲ್ಲ. ತನ್ನ ಹುಟ್ಟಿನ ದಾರಿಯನ್ನು ಜೀವ ತಾನೇ ಮೇಯ್ದುಬಿಟ್ಟಿದೆ.

1924ರಲ್ಲಿ ಮಾಸ್ಕೋದ ಒಪಾರಿನ್, 1929ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಆ ಹೊಂಡವನ್ನು ಕಡಲಿನಷ್ಟು ದೊಡ್ಡದು ಮಾಡಿದರು: ಆಮ್ಲಜನಕವಿಲ್ಲದ ಗಾಳಿ, ಅದರಡಿ ಬಿಸಿ ತೆಳುಸಾರಿನಂಥ ಸಮುದ್ರ. ಈ ಹಾಲ್ಡೇನ್ ಮುಂದೆ ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲೇ ತೀರಿಕೊಂಡರು. ಅತ್ತ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಕೃಷ್ಣ ಬಹಾದೂರ್ ಕೆಲವು ಲವಣ, ಫಾರ್ಮಾಲ್ಡಿಹೈಡುಗಳ ದ್ರಾವಣವನ್ನು ಬಿಸಿಲಿಗಿಟ್ಟು, ಅದರಲ್ಲಿ ಮೂಡಿದ ಸೂಕ್ಷ್ಮ ಕಣಗಳಿಗೆ 'ಜೀವಾಣು' ಎಂದು ಹೆಸರಿಟ್ಟರು. ಅವು ಸಜೀವವೆಂಬುದನ್ನು ಹೆಚ್ಚಿನವರು ಒಪ್ಪಲಿಲ್ಲ. ಆದರೂ ಬೇರೆಯವರಂತೆ ಸಿಡಿಲಿನ ಕಿಡಿಯನ್ನು ನೆಚ್ಚದೆ ಬಿಸಿಲನ್ನು ನೆಚ್ಚಿದ್ದು ನನಗೆ ಹಿಡಿಸುತ್ತದೆ.

ಸಿಡಿಲನ್ನು ಬಾಟಲಿಗಿಳಿಸಿದವನು ಷಿಕಾಗೋದ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್. 1953ರ ಮೇ ತಿಂಗಳಲ್ಲಿ ಅವನ ಲೇಖನ ಪ್ರಕಟವಾದಾಗ ವಯಸ್ಸು 23. ಕೀರ್ತಿ ಹುಡುಗನಿಗೇ ಸಲ್ಲಲೆಂದು ಗುರು ಹೆರಾಲ್ಡ್ ಯೂರಿ ತಮ್ಮ ಹೆಸರನ್ನು ಬಿಡಿಸಿದ್ದರು. ಮೀಥೇನ್, ಅಮೋನಿಯಾ, ಜಲಜನಕ, ಕುದಿವ ನೀರಿನ ಹಬೆ, ನಡುವೆ ಚಟಚಟ ಕಿಡಿ. ಮೊದಲ ದಿನ ಕಳೆಯುವಷ್ಟರಲ್ಲಿ ನೀರು ನಸುಗೆಂಪು, ವಾರಕ್ಕೆ ಕಡುಗೆಂಪು. ಅದರಲ್ಲಿ ಪ್ರೋಟೀನಿನ ಮೂಲವಸ್ತುಗಳಾದ ಗ್ಲೈಸೀನ್, ಅಲನೀನ್ ಸಿಕ್ಕವು. ಪ್ರಯೋಗ ಮುಗಿದೊಡನೆ ಮಿಲ್ಲರ್ ಆ ದ್ರವಕ್ಕೆ ಪಾದರಸದ ವಿಷ ಬೆರೆಸಿದ. ಯಾಕೆ? ಗಾಳಿಯ ಯಾವುದಾದರೂ ಸೂಕ್ಷ್ಮಜೀವಿ ಬಿದ್ದು ಬೆಳೆಯದಿರಲೆಂದು! ಜೀವದ ಹುಟ್ಟನ್ನು ಹುಡುಕುವವನಿಗೆ ಎಲ್ಲಕ್ಕಿಂತ ಹೆಚ್ಚು ಭಯ ಇದ್ದದ್ದು ಜೀವದ್ದೇ. ಈ ಒಂದು ವಿವರ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಕೂತಿದ್ದೆ.

ಆಮೇಲೆ ಊಹೆಗಳು ಹೆಚ್ಚುತ್ತಲೇ ಹೋದವು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯೊಳಗೆ ಅಮೈನೋ ಆಮ್ಲಗಳಿದ್ದವು. 1977ರಲ್ಲಿ ಗಲಪಗೋಸ್ ಬಳಿ ಕಡಲತಳದ ಬಿಸಿ ಬುಗ್ಗೆಗಳು ಕಂಡವು; ಜೀವ ಅಲ್ಲೇ ಹುಟ್ಟಿತೇನೋ ಎಂಬ ಊಹೆಯೂ ಬಂತು. ಪ್ರೋಟೀನಿಗಿಂತ ಮೊದಲು ಬಂದದ್ದು ಆರ್‌ಎನ್‌ಎ ಎಂಬ ಅಣು ಎಂದರು ಕೆಲವರು. ಆದಿಯ ಗಾಳಿಯಲ್ಲಿ ಅಷ್ಟೊಂದು ಮೀಥೇನ್ ಎಲ್ಲಿತ್ತು ಎಂದು ಮಿಲ್ಲರನನ್ನೇ ಕೇಳಿದರು.

2021ರಲ್ಲಿ ಸ್ಪೇನ್ ಮತ್ತು ಇಟಲಿಯ ವಿಜ್ಞಾನಿಗಳು ಮಿಲ್ಲರನ ಪ್ರಯೋಗವನ್ನು ಟೆಫ್ಲಾನ್ ಪಾತ್ರೆಯಲ್ಲಿ ಮಾಡಿ ನೋಡಿದರು. ಹುಟ್ಟಿದ ಅಣುಗಳು ತೀರಾ ಕಡಿಮೆ. ಗಾಜಿನ ಚೂರು ಹಾಕಿದರು, ಹೆಚ್ಚಾದವು. ಪೂರ್ತಿ ಗಾಜಿನ ಬುರುಡೆಯಲ್ಲಿ ಇನ್ನೂ ಹೆಚ್ಚು. ಅಮೋನಿಯಾದ ಕ್ಷಾರಕ್ಕೆ ಗಾಜು ಸ್ವಲ್ಪ ಸ್ವಲ್ಪ ಕರಗಿ, ಅದರ ಸಿಲಿಕಾ ಒಳಗಿನ ಅಡುಗೆಗೆ ಕೈಜೋಡಿಸುತ್ತಿತ್ತು. ಭೂಮಿಯ ಬಂಡೆಗಳಲ್ಲೂ ಇರುವುದು ಬಹುಪಾಲು ಸಿಲಿಕಾವೇ. ಗಾಳಿ ಯಾವುದು, ಕಿಡಿ ಯಾವುದು, ನೀರೆಷ್ಟು ಎಂದು ಇಷ್ಟು ಕಾಲ ಜಗಳವಾಡಿದವರು ಈಗ ಕಲ್ಲು ಯಾವುದು ಎಂದೂ ಕೇಳಬೇಕಾಗಿದೆ.