ತಿತಿಕ್ಷೆಯೂ ಮದ್ದೂ: ಮಂಡಿ ಕೀಲು ಬದಲಾವಣೆಯ ನಂತರದ ನೋವಿನ ವಿಚಾರ

ಮನುಷ್ಯದೇಹದಲ್ಲಿ ಮಂಡಿಯು ದುಡಿಮೆಯ ಕೀಲಾಗಿರುವಷ್ಟೇ ಭಕ್ತಿಯ ಕೀಲೂ ಆಗಿದೆ. ಪದ್ಮಾಸನ ಹಾಕುವವರು, ದೇವರ ಮುಂದೆ ಅಡ್ಡಬೀಳುವವರು, ನಮಾಜಿನಲ್ಲಿ ಸಜ್ದಾಕ್ಕೆ ಬಾಗುವವರು, ಇಗರ್ಜಿಯಲ್ಲಿ ಮೊಣಕಾಲೂರುವವರು, ಇವರೆಲ್ಲರ ಶರಣಾಗತಿಯೂ ಮೊದಲು ಮಂಡಿಯಲ್ಲೇ ಮೂಡುತ್ತದೆ. ನಂದಿ ಗ್ರಾಮದ ಭೋಗನಂದೀಶ್ವರನ ಎದುರಿಗಿರುವ ಕಲ್ಲಿನ ಬಸವ ಕೂಡ ಕಾಲು ಮಡಿಸಿಯೇ ಕುಳಿತಿದ್ದಾನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ದುಡಿಮೆಯ ಭಾರವೂ ಮಂಡಿಯ ಮೇಲೆಯೇ ಬೀಳುತ್ತದೆ: ರಾಗಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವುದು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತರುವುದು, ಹಣ್ಣಾದ ರೇಷ್ಮೆ ಹುಳುವನ್ನು ಆರಿಸಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಡುವುದು, ಆಮೇಲೆ ಅದರಿಂದ ಗೂಡು ಬಿಡಿಸುವುದು, ಇವೆಲ್ಲ ವರ್ಷಗಟ್ಟಲೆ ಮಂಡಿಯನ್ನು ಮಡಿಸಿಯೋ ಅದರ ಮೇಲೆ ಭಾರ ಹೊತ್ತೋ ಮಾಡುವ ಕೆಲಸಗಳು. ಹೀಗೆ ದುಡಿದ ದೇಹ ಅರವತ್ತು ದಾಟುವ ಹೊತ್ತಿಗೆ ಕೀಲು ಸವೆದು, ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲೋ ಜಿಲ್ಲೆಯಲ್ಲೇ ಇರುವ ಆಸ್ಪತ್ರೆಯಲ್ಲೋ ಕೀಲು ಬದಲಾಯಿಸಿಕೊಂಡು ಮನೆಗೆ ಮರಳಿದಾಗ, ಹಳೆಯ ನೋವಿನ ಜಾಗದಲ್ಲಿ ಹೊಸ ನೋವೊಂದು ಕಾದಿರುತ್ತದೆ. ಆ ನೋವನ್ನು ಹೇಗೆ ತಿಳಿಯಬೇಕು, ಅದು ಕರ್ಮದ ಫಲವೇ, ತಪಸ್ಸಿನಂತೆ ಸಹಿಸಬೇಕಾದದ್ದೇ, ಅದಕ್ಕೆ ಮಾತ್ರೆ ನುಂಗುವುದು ಮನಸ್ಸಿನ ಸೋಲೇ ಎಂಬ ಪ್ರಶ್ನೆಗಳು ವೈದ್ಯಶಾಸ್ತ್ರವನ್ನು ದಾಟಿ ಧರ್ಮವಿಚಾರದ ಅಂಗಳಕ್ಕೆ ಬರುತ್ತವೆ.

ವಿಚಾರಕ್ಕೆ ಮೊದಲು ಆ ನೋವಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ತೊಡೆಯ ಎಲುಬೂ ಕಾಲಿನ ಎಲುಬೂ ಕೂಡುವಲ್ಲಿ ಅವುಗಳ ತುದಿಗಳನ್ನು ಹೊದ್ದಿರುವ ನುಣುಪಾದ ಪದರಕ್ಕೆ ಮೃದ್ವಸ್ಥಿ ಎಂದು ಹೆಸರು. ಅದು ಸವೆದು ಎಲುಬಿಗೆ ಎಲುಬು ಉಜ್ಜುವ ಸ್ಥಿತಿ ಬಂದಾಗ ಶಸ್ತ್ರವೈದ್ಯರು ಎರಡೂ ತುದಿಗಳನ್ನು ತೆಳುವಾಗಿ ಕತ್ತರಿಸಿ, ಮೇಲಕ್ಕೆ ಲೋಹದ ಕವಚ, ಕೆಳಕ್ಕೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಮೆತ್ತೆಯನ್ನು ಕೂರಿಸುತ್ತಾರೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರು ಬಳಕೆಗೆ ತಂದ ವಿನ್ಯಾಸವೇ ಇಂದಿನ ಕೃತಕ ಕೀಲುಗಳಿಗೆ ಮಾದರಿಯಾಯಿತು. ಭಾರತದಲ್ಲಿ 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈ ಕೀಲುಗಳ ಬೆಲೆಗೆ ಮಿತಿ ಹಾಕಿದ ಮೇಲೆ, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿದು, ಸಾಧಾರಣ ಕುಟುಂಬಗಳಿಗೂ ಈ ಚಿಕಿತ್ಸೆ ತುಸು ಹತ್ತಿರವಾಯಿತು. ಶಸ್ತ್ರಚಿಕಿತ್ಸೆಯ ಮರುದಿನವೇ, ಕೆಲವೊಮ್ಮೆ ಅದೇ ದಿನವೇ, ರೋಗಿಯನ್ನು ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮೊದಲ ಎರಡು ವಾರಗಳ ನೋವು ಎಲ್ಲಕ್ಕಿಂತ ಕಠಿಣವಾದದ್ದು, ಬಾವು ಮೂರರಿಂದ ಆರು ತಿಂಗಳವರೆಗೂ ಉಳಿಯಬಹುದು, ಪೂರ್ತಿ ಚೇತರಿಕೆಗೆ ಒಂದು ವರ್ಷವೇ ಹಿಡಿಯಬಹುದು. ಈ ಅವಧಿಯ ವಿಲಕ್ಷಣ ಸಂಗತಿಯೆಂದರೆ, ಗಾಯವಾದ ಅಂಗಕ್ಕೆ ಲೋಕವೆಲ್ಲ ವಿಶ್ರಾಂತಿ ಹೇಳುವಾಗ ಇಲ್ಲಿ ಮಾತ್ರ ಗಾಯವಾದ ಅಂಗವನ್ನೇ ದಿನಕ್ಕೆ ಹಲವು ಸಲ ಮಡಿಸಬೇಕಾಗುತ್ತದೆ, ಏಕೆಂದರೆ ಮಡಿಸದೆ ಬಿಟ್ಟ ಕೀಲಿನ ಸುತ್ತ ಗಾಯದ ಅಂಗಾಂಶ ಬಿಗಿದು ಕೀಲು ಸೆಟೆದುಕೊಳ್ಳುತ್ತದೆ. ಆದ್ದರಿಂದ ಈ ನೋವು ಬರೀ ಬಂದೆರಗಿದ ನೋವಲ್ಲ. ಪ್ರತಿದಿನ ಬೆಳಿಗ್ಗೆ ಗೊತ್ತಿದ್ದೂ ಗೊತ್ತಿದ್ದೂ ಬರಮಾಡಿಕೊಳ್ಳಬೇಕಾದ ನೋವು.

ಇಂಥ ನೋವಿನ ಮುಂದೆ ಮನೆಯವರ ಬಾಯಿಂದಲೂ ಬಂಧುಗಳ ಬಾಯಿಂದಲೂ ಮೊದಲು ಹೊರಡುವ ವಿವರಣೆ ಪ್ರಾರಬ್ಧದ್ದು, ಎಂದರೆ ಹಿಂದಿನ ಜನ್ಮಗಳಲ್ಲಿ ಕೂಡಿಬಿದ್ದ ಕರ್ಮದಲ್ಲಿ ಈ ಜನ್ಮದಲ್ಲಿ ಉಂಡೇ ತೀರಿಸಬೇಕಾದ ಪಾಲು. ‘ಪಡೆದುಕೊಂಡು ಬಂದದ್ದು ಅನುಭವಿಸಲೇಬೇಕು’ ಎಂಬ ಮಾತು ಹೇಳುವವರ ಮನಸ್ಸಿಗೆ ಸಮಾಧಾನ ಕೊಟ್ಟೀತು, ಆದರೆ ಕೇಳಿಸಿಕೊಳ್ಳುವವರ ಮಂಡಿಯ ನೋವಿಗೆ ಅದು ಅಪರಾಧದ ಭಾರವನ್ನೂ ಸೇರಿಸುತ್ತದೆ. ಈ ವಿಚಾರದಲ್ಲಿ ಪಾಲಿ ತ್ರಿಪಿಟಕದ ಸಂಯುತ್ತ ನಿಕಾಯದಲ್ಲಿರುವ ಸೀವಕ ಸುತ್ತವು ಗಮನಾರ್ಹವಾಗಿದೆ: ಅನುಭವಿಸುವ ಸುಖದುಃಖಗಳೆಲ್ಲ ಪೂರ್ವಕರ್ಮದಿಂದಲೇ ಬರುತ್ತವೆಯೇ ಎಂದು ಕೇಳಿದ ಪರಿವ್ರಾಜಕನಿಗೆ ಬುದ್ಧನು, ಪಿತ್ತದಿಂದ, ಕಫದಿಂದ, ವಾತದಿಂದ, ಇವುಗಳ ಕೂಡಿಕೆಯಿಂದ, ಋತುಗಳ ಬದಲಾವಣೆಯಿಂದ, ದೇಹವನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ, ಪೆಟ್ಟಿನಿಂದ ಮತ್ತು ಕರ್ಮದಿಂದ, ಹೀಗೆ ಎಂಟು ಬಗೆಯಲ್ಲಿ ವೇದನೆ ಹುಟ್ಟುತ್ತದೆಂದೂ, ಎಲ್ಲವನ್ನೂ ಕರ್ಮಕ್ಕೇ ಹಚ್ಚುವವರು ಲೋಕದ ಅನುಭವವನ್ನು ಮೀರಿ ಮಾತಾಡುತ್ತಾರೆಂದೂ ಉತ್ತರಿಸುತ್ತಾನೆ. ಕರ್ಮವನ್ನು ಒಪ್ಪಿದ ಪರಂಪರೆಯೊಳಗೇ ಕರ್ಮದ ವಿವರಣೆಗೆ ಮಿತಿಯಿದೆ ಎಂಬ ಈ ಅರಿವು ಬಹಳ ದೊಡ್ಡದು.

ಅದೇ ಅರಿವನ್ನು ಆಧುನಿಕ ಕಾಲದಲ್ಲಿ ಬೇರೆ ದಾರಿಯಿಂದ ಎತ್ತಿಹಿಡಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ. ಭೌತಶಾಸ್ತ್ರದ ಅಧ್ಯಾಪಕರೂ ಗಾಂಧಿವಾದಿಯೂ ಆಗಿದ್ದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪದ ಆ ಮನೋಧರ್ಮವನ್ನು ಮಂಡಿಯ ನೋವಿಗೆ ಅನ್ವಯಿಸಿದರೆ ಕಾರಣಗಳು ಹತ್ತಿರದಲ್ಲೇ ಕಾಣುತ್ತವೆ: ವಯಸ್ಸು, ದೇಹದ ತೂಕ, ದಶಕಗಳ ಕಾಲ ಕುಕ್ಕರಗಾಲಿನಲ್ಲಿ ಕೂತು ಮಾಡಿದ ದುಡಿಮೆ, ಇವುಗಳ ಜೊತೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿ ಇರುವ, ದೀರ್ಘಕಾಲ ಕುಡಿದವರ ಎಲುಬು ಕೀಲುಗಳನ್ನು ಬಿಗಿಸುವ ಫ್ಲೋರೈಡ್. ಕೊಳವೆಬಾವಿಯಲ್ಲಿ ಇರಬಹುದಾದ ಕಾರಣವನ್ನು ಪೂರ್ವಜನ್ಮದಲ್ಲಿ ಹುಡುಕುವುದು ನೊಂದವರಿಗೆ ಮಾಡುವ ಅನ್ಯಾಯವೂ ಹೌದು, ಮುಂದೆ ನೋಯಲಿರುವವರ ಬಗೆಗಿನ ಅಲಕ್ಷ್ಯವೂ ಹೌದು.

ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ವೇದಾಂತವು ಜ್ಞಾನಸಾಧಕನಿಗೆ ವಿಧಿಸುವ ಆರು ಗುಣಗಳಲ್ಲಿ ತಿತಿಕ್ಷೆ, ಎಂದರೆ ಸಹನೆ, ಒಂದು. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಿವೇಕಚೂಡಾಮಣಿಯು ತಿತಿಕ್ಷೆಗೆ ಕೊಡುವ ಲಕ್ಷಣದಲ್ಲಿ ಎರಡು ಅಂಶಗಳಿವೆ: ದುಃಖಕ್ಕೆ ಪ್ರತೀಕಾರ ಮಾಡದೆ, ಎಂದರೆ ಪರಿಹಾರೋಪಾಯಕ್ಕೆ ಕೈಹಾಕದೆ, ಸಹಿಸುವುದು, ಮತ್ತು ಹಾಗೆ ಸಹಿಸುವಾಗ ಚಿಂತೆ ಹಾಗೂ ವಿಲಾಪ ಎರಡೂ ಇಲ್ಲದಿರುವುದು. ಮೊದಲನೆಯ ಅಂಶವನ್ನು ಅಕ್ಷರಶಃ ಹಿಡಿದರೆ ನೋವಿನ ಮಾತ್ರೆ ನುಂಗುವವರು ತಿತಿಕ್ಷೆಯಿಂದ ಜಾರಿದಂತೆಯೇ ಸರಿ. ಆದರೆ ಆ ಗ್ರಂಥ ಮಾತಾಡುತ್ತಿರುವುದು ಎಲ್ಲವನ್ನೂ ತೊರೆದು ಮೋಕ್ಷವೊಂದನ್ನೇ ಬಯಸಿದ ಮುಮುಕ್ಷುವಿನೊಡನೆ. ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕಾದ, ಹೊಲದ ಬದುವಿನವರೆಗಾದರೂ ನಡೆದುಹೋಗಬೇಕಾದ ಗೃಹಸ್ಥರೊಡನೆ ಅಲ್ಲ. ಕಾಳಿದಾಸನ ಕುಮಾರಸಂಭವದಲ್ಲಿ ಉಗ್ರ ತಪಸ್ಸಿನಿಂದ ಸೊರಗಿದ ಪಾರ್ವತಿಯ ಬಳಿಗೆ ವಟುವೇಷದಲ್ಲಿ ಬರುವ ಶಿವನೇ, ಶಕ್ತಿಗೆ ತಕ್ಕಷ್ಟು ಮಾತ್ರ ತಪಸ್ಸು ನಡೆದಿದೆಯೇ ಎಂದು ಕೇಳಿ, ಧರ್ಮವನ್ನು ಸಾಧಿಸಲು ಶರೀರವೇ ಮೊದಲ ಸಾಧನವೆಂದು ನೆನಪಿಸುತ್ತಾನೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವಂತೂ ದಂಭದಿಂದಲೂ ಹಟದಿಂದಲೂ ದೇಹವನ್ನು ಒಣಗಿಸುವ ತಪಸ್ಸನ್ನು ಆಸುರವೆಂದೇ ಕರೆಯುತ್ತದೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಬರುವವರ ನಂಬಿಕೆಯ ಮೂಲದಲ್ಲಿರುವ ಇಸ್ಲಾಂ ಪರಂಪರೆಯೂ ಸಬ್ರ್ ಎಂಬ ಸಹನೆಯನ್ನು ಎತ್ತಿ ಹೇಳುತ್ತಲೇ, ಮುಪ್ಪೊಂದನ್ನು ಬಿಟ್ಟು ಪ್ರತಿ ರೋಗಕ್ಕೂ ದೇವರು ಮದ್ದಿಟ್ಟಿದ್ದಾನೆ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಗಳು ಹೇಳಿದ್ದನ್ನು ಹದೀಸಿನಲ್ಲಿ ಉಳಿಸಿಕೊಂಡಿದೆ.

ಸಹನೆಗೂ ಚಿಕಿತ್ಸೆಗೂ ವಿರೋಧವಿಲ್ಲವೆಂಬ ಈ ಮಾತಿಗೆ ಇದೇ ನೆಲದಲ್ಲಿ ಒಂದು ನಿದರ್ಶನವಿದೆ. 1909ರ ‘ಹಿಂದ್ ಸ್ವರಾಜ್’ನಲ್ಲಿ ಆಸ್ಪತ್ರೆಗಳನ್ನೂ ವೈದ್ಯವೃತ್ತಿಯನ್ನೂ ಕಟುವಾಗಿ ಟೀಕಿಸಿದ್ದ ಗಾಂಧೀಜಿ, 1924ರ ಜನವರಿಯಲ್ಲಿ ಸೆರೆಯಲ್ಲಿದ್ದಾಗ, ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಾಗಿ ಬ್ರಿಟಿಷ್ ವೈದ್ಯರ ಕೈಗೆ ತಮ್ಮ ದೇಹವನ್ನು ಒಪ್ಪಿಸಿದರು, 1927ರಲ್ಲಿ ಬಿಡುವಿಲ್ಲದ ಪ್ರವಾಸದಿಂದ ಕುಸಿದಾಗ ವೈದ್ಯರ ಮಾತು ಕೇಳಿ ನಂದಿ ಬೆಟ್ಟದ ಮೇಲೆ ವಾರಗಟ್ಟಲೆ ವಿಶ್ರಾಂತಿ ಪಡೆದರು, 1936ರಲ್ಲಿ ಮತ್ತೆ ಅಲ್ಲಿಗೇ ಬಂದರು. ಉಪವಾಸದಲ್ಲಿ ದೇಹವನ್ನು ಅಷ್ಟು ಕಠಿಣವಾಗಿ ದಂಡಿಸಬಲ್ಲವರಿಗೂ ಚೇತರಿಕೆಯ ಕಾಲದಲ್ಲಿ ಆರೈಕೆಯನ್ನು ಸ್ವೀಕರಿಸುವುದು ವ್ರತಭಂಗವೆನಿಸಲಿಲ್ಲ. ಆರೈಕೆಯನ್ನು ಒಪ್ಪಿಕೊಳ್ಳುವುದಕ್ಕೂ ಒಂದು ವಿನಯ ಬೇಕು ಎಂಬುದನ್ನು ನಂದಿ ಬೆಟ್ಟದ ಆ ದಿನಗಳು ತೋರಿಸುತ್ತವೆ.

ಹಾಗಾದರೆ ತಿತಿಕ್ಷೆಗೆ ಉಳಿಯುವ ಜಾಗ ಯಾವುದು? ಅದು ಲಕ್ಷಣದ ಎರಡನೆಯ ಅಂಶದಲ್ಲಿದೆ, ಚಿಂತೆಯೂ ವಿಲಾಪವೂ ಇಲ್ಲದ ಸಹನೆಯಲ್ಲಿದೆ. ಸಂಯುತ್ತ ನಿಕಾಯದ ಮತ್ತೊಂದು ಸುತ್ತವು ನೋವನ್ನು ಎರಡು ಬಾಣಗಳಿಗೆ ಹೋಲಿಸುತ್ತದೆ: ದೇಹಕ್ಕೆ ತಾಗುವ ಮೊದಲ ಬಾಣ ತಿಳಿದವನಿಗೂ ತಿಳಿಯದವನಿಗೂ ಒಂದೇ, ಅದರ ಬಗ್ಗೆ ಗೋಳಾಡಿ, ಎದೆ ಬಡಿದುಕೊಂಡು ತಿಳಿಯದವನು ತನಗೆ ತಾನೇ ಎರಡನೆಯದನ್ನು ಹೊಡೆದುಕೊಳ್ಳುತ್ತಾನೆ. ಆಧುನಿಕ ವಿಜ್ಞಾನವೂ ಈ ಭೇದದ ಹತ್ತಿರಕ್ಕೆ ಬಂದಿದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳಿಗೆ ಬಾಗಿಲಿನಂಥ ಏರ್ಪಾಡಿದೆಯೆಂದೂ, ಮಿದುಳಿನ ಕಡೆಯಿಂದ ಬರುವ ಪ್ರಭಾವಗಳು ಆ ಬಾಗಿಲನ್ನು ತೆರೆಯಲೂ ಮುಚ್ಚಲೂ ಬಲ್ಲವೆಂದೂ ಪ್ರತಿಪಾದಿಸಿದರು. ‘ಇನ್ನು ನನ್ನ ಕಾಲು ಸರಿಹೋಗುವುದೇ ಇಲ್ಲ’ ಎಂದು ಮೊದಲೇ ಕಂಗೆಟ್ಟವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ನೋವು ಹೆಚ್ಚು ಕಾಡುತ್ತದೆಂಬುದನ್ನು ವೈದ್ಯರು ಕಂಡುಕೊಂಡಿದ್ದಾರೆ. ಆದರೆ ನೋವೆಲ್ಲ ಮನಸ್ಸಿನದು ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಮೊದಲ ಬಾಣ ನಿಜವಾದದ್ದು, ಅದನ್ನು ಕೀಳುವುದಕ್ಕೆ ಮದ್ದು ಬೇಕು.

ಮದ್ದಿಗೂ ಸಹನೆಗೂ ಇರುವ ಸಂಬಂಧ ವ್ಯಾಯಾಮದ ಹೊತ್ತಿನಲ್ಲಿ ಸ್ಪಷ್ಟವಾಗುತ್ತದೆ. ಮಂಚದ ಮೇಲೆ ಕಾಲು ಚಾಚಿದ ಹಿರಿಯಾಕೆಯೊಬ್ಬರು, ಹಿಮ್ಮಡಿಯ ಕೆಳಗೆ ಜಾರುವ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಹಿಮ್ಮಡಿಯನ್ನು ತಮ್ಮ ಕಡೆಗೆ ಬೆರಳಷ್ಟು ಬೆರಳಷ್ಟೇ ಎಳೆದುಕೊಳ್ಳುತ್ತಾರೆ. ಮಂಡಿಯ ಮೇಲಿನ ಉದ್ದನೆಯ ಹೊಲಿಗೆ ಬಿಗಿಯುತ್ತದೆ, ತೊಡೆ ನಡುಗುತ್ತದೆ, ಸೆರಗಿನ ತುದಿ ಹಲ್ಲಿನ ನಡುವೆ ಸೇರುತ್ತದೆ, ಐದು ಎಣಿಸುವವರೆಗೆ ಹಿಡಿದು ಮತ್ತೆ ಕಾಲನ್ನು ಚಾಚುತ್ತಾರೆ. ನಿನ್ನೆ ಎಪ್ಪತ್ತು ಡಿಗ್ರಿ ಮಡಿದದ್ದು ಇಂದು ಎಪ್ಪತ್ತೈದು ಮಡಿದರೆ ಅದೇ ಆ ದಿನದ ಗಳಿಕೆ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ ತೊಂಬತ್ತನ್ನು ದಾಟಬೇಕು. ವೈದ್ಯರು ಹೇಳಿದ ಮಾತ್ರೆಯನ್ನು ಅವರು ಹೇಳಿದ ಹೊತ್ತಿಗೆ, ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡವರು ಈ ಐದು ಡಿಗ್ರಿಯನ್ನು ಸಂಪಾದಿಸುತ್ತಾರೆ. ಹಟದಿಂದ ಮಾತ್ರೆ ಬಿಟ್ಟವರು ನೋವಿಗೆ ಹೆದರಿ ಕಾಲನ್ನೇ ಅಲುಗಿಸದೆ, ಸಹನೆಯ ಹೆಸರಿನಲ್ಲಿ ಸಹನೆಯ ಫಲವನ್ನೇ ಕಳೆದುಕೊಳ್ಳುತ್ತಾರೆ. ಇಲ್ಲಿ ಮದ್ದು ತಿತಿಕ್ಷೆಗೆ ಎದುರಾಳಿಯಾಗಿ ನಿಲ್ಲದೆ ಅದರ ಊರುಗೋಲಾಗುತ್ತದೆ. ಮೊದಲಿಗೆ ವಿಷದಂತಿದ್ದು ಕೊನೆಗೆ ಅಮೃತದಂತಾಗುವ ಸುಖವನ್ನು ಗೀತೆ ಸಾತ್ತ್ವಿಕವೆಂದು ಕರೆಯುವುದರ ಅರ್ಥವನ್ನು ಇಂಥ ಮಂಚದ ಬಳಿ ನಿಂತು ತಿಳಿಯಬಹುದು.

ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ತಾತಯ್ಯನವರ ಬಗ್ಗೆ ಜನರಲ್ಲಿ ಉಳಿದಿರುವ ಐತಿಹ್ಯವೊಂದು ಇದೇ ಅರ್ಥವನ್ನು ಬೇರೊಂದು ರೂಪದಲ್ಲಿ ಹೇಳುತ್ತದೆ. ಬಳೆ ಮಾರಿ ಬದುಕುತ್ತಿದ್ದ ಅವರಿಗೆ ಗುರುವು ಮಂತ್ರೋಪದೇಶ ಮಾಡಿ, ಬಾಯಿಗೆ ಒಂದು ಬೆಣಚುಕಲ್ಲನ್ನು ಕೊಟ್ಟು, ಅದು ಕಲ್ಲುಸಕ್ಕರೆಯಾಗುವವರೆಗೆ ಜಪ ಮಾಡೆಂದು ಹೇಳಿದನೆಂದೂ, ವರ್ಷಗಳ ಸಾಧನೆಯ ನಂತರ ಕಲ್ಲು ಸಿಹಿಯಾಯಿತೆಂದೂ ಆ ಕಥೆ ಸಾರುತ್ತದೆ. ಕಲ್ಲು ಸಕ್ಕರೆಯಾಯಿತೇ ಎಂದು ಪರೀಕ್ಷಿಸುವ ಹಕ್ಕು ನರಸಿಂಹಯ್ಯನವರ ದಾರಿಯವರಿಗೆ ಇದ್ದೇ ಇದೆ. ಆದರೆ ಕಥೆಯ ಒಳಗಿನ ತಿಳಿವು ಆ ಪರೀಕ್ಷೆಯನ್ನು ಅವಲಂಬಿಸಿಲ್ಲ. ಕಲ್ಲನ್ನು ಉಗುಳಲಿಲ್ಲ, ನುಂಗಲೂ ಇಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡೇ ಪ್ರತಿದಿನದ ಜಪವನ್ನು ನಡೆಸಿದರು. ಚೇತರಿಕೆಯ ನೋವಿನೊಡನೆ ಬದುಕುವ ಕ್ರಮವೂ ಇದೇ.

ಆದರೂ ಎಲ್ಲ ಕಲ್ಲುಗಳೂ ಸಕ್ಕರೆಯಾಗುವುದಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮಂಡಿ ಬದಲಾಯಿಸಿಕೊಂಡ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ತಿಂಗಳುಗಳು ಕಳೆದ ಮೇಲೂ ನೋವು ಉಳಿಯುತ್ತದೆ. ಮೀನಖಂಡ ಊದಿಕೊಂಡು ನೋಯುವುದು, ಜ್ವರ ಬರುವುದು, ಗಾಯ ಕೆಂಪಾಗಿ ಸೋರುವುದು, ಏದುಸಿರು ಹತ್ತುವುದು ರಕ್ತ ಹೆಪ್ಪುಗಟ್ಟಿದ್ದರ ಅಥವಾ ಸೋಂಕಿನ ಸೂಚನೆಯಾಗಿರಬಹುದು. ಅಂಥ ಹೊತ್ತಿನಲ್ಲಿ ಸಹಿಸುತ್ತ ಕೂರುವುದು ಪ್ರಮಾದ, ಆಸ್ಪತ್ರೆಗೆ ಧಾವಿಸುವುದೇ ಧರ್ಮ. ಯಾವ ನೋವನ್ನು ದಾಟಿ ನಡೆಯಬೇಕು, ಯಾವ ನೋವಿಗೆ ಕಿವಿಗೊಟ್ಟು ನಿಲ್ಲಬೇಕು ಎಂದು ಬೇರ್ಪಡಿಸುವ ಬುದ್ಧಿಯನ್ನೂ ವಿವೇಕವೆಂದೇ ಕರೆಯಬೇಕು, ಮತ್ತು ವಿವೇಕವಿಲ್ಲದ ತಿತಿಕ್ಷೆ ಹೊಗಳಿಕೆಗೆ ತಕ್ಕದ್ದಲ್ಲ.

ಮಂಡಿ ಮೊದಲಿನಂತೆ ಮಡಿಯದವರ ಮತ್ತೊಂದು ಕೊರಗು ಪೂಜೆಯದು: ನೆಲದ ಮೇಲೆ ಕೂರಲಾಗದು, ಅಡ್ಡಬೀಳಲಾಗದು, ಸಜ್ದಾ ಮಾಡಲಾಗದು. ನಿಲ್ಲಲಾಗದವರು ಕೂತು, ಕೂರಲಾಗದವರು ಮಗ್ಗುಲಾಗಿ ಮಲಗಿ ನಮಾಜು ಮಾಡಬಹುದೆಂದು ಹದೀಸು ಹೇಳುತ್ತದೆ. ಆಗಮಗಳನ್ನು ಅನುಸರಿಸುವವರಿಗೆ ಮಾನಸಪೂಜೆ ಇದೆ. ದೇಹವನ್ನೇ ದೇಗುಲವಾಗಿ, ಕಾಲುಗಳನ್ನೇ ಅದರ ಕಂಬಗಳಾಗಿ ಕಂಡ ಬಸವಣ್ಣನವರ ದೃಷ್ಟಿಯಲ್ಲಿ, ಕಂಬವೊಂದಕ್ಕೆ ಲೋಹದ ಆಸರೆ ಕೊಟ್ಟ ಮಾತ್ರಕ್ಕೆ ದೇವರು ಗುಡಿ ಬಿಟ್ಟು ಹೋಗುವುದಿಲ್ಲ. ಕುರ್ಚಿಯ ಮೇಲೆ ಕೂತು ಕೈಮುಗಿದವರ ಭಕ್ತಿಗೆ ಈ ಪರಂಪರೆಗಳು ಕೊರತೆ ಎಣಿಸುವುದಿಲ್ಲ.

ಕೊನೆಯದಾಗಿ, ಈ ವಿಚಾರದ ಹೊಣೆ ನೋಯುವವರೊಬ್ಬರ ಮೇಲೆಯೇ ಬೀಳಬಾರದು. ಜೀವಮಾನವಿಡೀ ಎಲ್ಲರ ಊಟವಾದ ಮೇಲೆ ಉಂಡು ಅಭ್ಯಾಸವಾದ ತಾಯಂದಿರು ನೋವಿನ ವಿಷಯದಲ್ಲೂ ತಮ್ಮ ಸರದಿಯನ್ನು ಕೊನೆಗಿಟ್ಟುಕೊಂಡು, ‘ಪರವಾಗಿಲ್ಲ ಬಿಡಿ, ತಡೆದುಕೊಳ್ಳುತ್ತೇನೆ’ ಎನ್ನುತ್ತಾರೆ. ಆ ಮಾತನ್ನು ಸಹನೆಯೆಂದು ಹೊಗಳಿ ಎದ್ದುಹೋಗುವುದು ಸುಲಭ. ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದುಕೊಟ್ಟು, ಮಂಚದ ತುದಿಯಲ್ಲಿ ಕೂತು, ಹಿಮ್ಮಡಿ ಜಾರುವಾಗ ಅವರ ಜೊತೆಗೆ ಒಂದರಿಂದ ಐದರವರೆಗೆ ಎಣಿಸುವುದು ಮನೆಯವರ ಪಾಲಿನ ತಿತಿಕ್ಷೆ.