ಹಲವರ ಪರವಾಗಿ ಒಬ್ಬರ ಮಾತು: ಪ್ರಾತಿನಿಧ್ಯದ ಧರ್ಮಪ್ರಶ್ನೆ

ಲಕ್ಷಾಂತರ ಜನರ ಪರವಾಗಿ ಒಬ್ಬರು ಮಾತನಾಡುವ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದು ಮೇಲ್ನೋಟಕ್ಕೆ ರಾಜ್ಯಶಾಸ್ತ್ರದ ಪ್ರಶ್ನೆಯಾಗಿ ಕಂಡರೂ ಅದರ ಬೇರು ಧರ್ಮಜಿಜ್ಞಾಸೆಯಲ್ಲಿದೆ. ಏಕೆಂದರೆ ನಮ್ಮವರು ಯಾರು, ಅನ್ಯರನ್ನು ಎಷ್ಟರಮಟ್ಟಿಗೆ ನಂಬಬಹುದು, ನಂಬಿದವರಿಗೆ ನಂಬಿಕೆ ಪಡೆದವರು ಸಲ್ಲಿಸಬೇಕಾದ ಋಣವೇನು ಎಂಬುದನ್ನು ತೀರ್ಮಾನಿಸದೆ ಅದಕ್ಕೆ ಉತ್ತರ ಸಿಗುವುದಿಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ನಾಯಕರು, ಲಿಂಗಾಯತರು, ಕುರುಬರು, ಮಾದಿಗರು, ಛಲವಾದಿಗಳು, ಲಂಬಾಣಿಗರು, ಮುಸ್ಲಿಮರು ತಲೆಮಾರುಗಳಿಂದ ಕೂಡಿ ಬಾಳಿರುವುದರಿಂದ ಈ ಪ್ರಶ್ನೆ ಇಲ್ಲಿ ಪ್ರತಿ ಚುನಾವಣೆಯಲ್ಲೂ ಎದುರಾಗುತ್ತದೆ.

ಹಲವರ ಪರವಾಗಿ ಒಬ್ಬರು ನುಡಿಯುವ ಕಲ್ಪನೆ ಈ ಸೀಮೆಗೆ ಮತಪೆಟ್ಟಿಗೆಯೊಂದಿಗೆ ಬಂದದ್ದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಮೈಲಾರಲಿಂಗನ ಕಾರ್ಣಿಕ, ಅಂದರೆ ಬರುವ ವರ್ಷದ ಮಳೆ, ಬೆಳೆ, ರಾಜ್ಯದ ಆಗುಹೋಗುಗಳನ್ನು ಸೂಚಿಸುವುದೆಂದು ಭಕ್ತರು ನಂಬುವ ದೈವವಾಣಿ, ಹೊರಡುತ್ತದೆ. ಉಪವಾಸ ವ್ರತದಲ್ಲಿದ್ದು ಈ ವಾಣಿಯನ್ನು ನುಡಿಯುವ ಗೊರವಯ್ಯ ಡೆಂಕಣಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ಕಿಕ್ಕಿರಿದ ಜನಸಾಗರ ಮೌನವಾಗುತ್ತದೆ; ಆತ ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ನುಡಿಯನ್ನು ರೈತರು ಮಳೆಗೂ ರಾಜಕಾರಣಿಗಳು ಅಧಿಕಾರಕ್ಕೂ ಅನ್ವಯಿಸಿ ಅರ್ಥೈಸುವುದು ವಾಡಿಕೆ. ಇಲ್ಲಿ ನುಡಿಯುವವನ ಅಧಿಕಾರ ಆತನ ಸ್ವಂತದ್ದಲ್ಲ, ಅದು ಆ ಗಳಿಗೆಗೆ ಮಾತ್ರ ಮೀಸಲು ಎಂಬ ತಿಳಿವಳಿಕೆ ಗಂಭೀರವಾದದ್ದು. ಆದರೆ ಕಾರ್ಣಿಕ ಮೇಲಿನಿಂದ ಇಳಿದುಬರುವ ವಾಣಿಯೆಂಬ ನಂಬಿಕೆ ಇರುವುದರಿಂದ ಅದಕ್ಕಾಗಿ ಗೊರವಯ್ಯನನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಜನರಿಂದ ಮೇಲೇರಿದ ಪ್ರತಿನಿಧಿಯಾದರೋ ಐದು ವರ್ಷಕ್ಕೊಮ್ಮೆ ಅದೇ ಜನರ ಮುಂದೆ ನಿಂತು ಉತ್ತರ ಕೊಡಲೇಬೇಕು. ಭವಿಷ್ಯವನ್ನು ದೈವಕ್ಕೆ ಬಿಡುವುದಕ್ಕೂ ಮತದಾನದ ಹೊಣೆಯನ್ನು ದೈವದ ಮೇಲೆ ಹೊರಿಸುವುದಕ್ಕೂ ಅಂತರವಿದೆ. ಮೊದಲನೆಯದು ಭಕ್ತಿ, ಎರಡನೆಯದು ಕರ್ತವ್ಯಲೋಪ.

ಪ್ರತಿನಿಧಿ ತನ್ನನ್ನು ಕಳುಹಿಸಿದವರನ್ನು ಜಾತಿ, ಮತ, ಭಾಷೆಗಳಲ್ಲಿ ಹೋಲಬೇಕೆ ಎಂಬುದು ಮುಂದಿನ ಪ್ರಶ್ನೆ. ಚಿಂತಕಿ ಹನ್ನಾ ಪಿಟ್ಕಿನ್ 1967ರ ತಮ್ಮ ಗ್ರಂಥದಲ್ಲಿ ಇಂತಹ ಹೋಲಿಕೆಯ ಪ್ರಾತಿನಿಧ್ಯವನ್ನೂ, ಜನರ ಹಿತಕ್ಕಾಗಿ ನಡೆದುಕೊಳ್ಳುವ ಕ್ರಿಯಾರೂಪದ ಪ್ರಾತಿನಿಧ್ಯವನ್ನೂ ಬೇರ್ಪಡಿಸಿ ವಿವೇಚಿಸಿದರು. ಭಾರತದಲ್ಲಿ ಇವೆರಡನ್ನೂ ಒಂದೇ ವ್ಯವಸ್ಥೆಯಲ್ಲಿ ಹೆಣೆಯುವ ಪ್ರಯತ್ನ 1932ರ ಪೂನಾ ಒಪ್ಪಂದದಷ್ಟು ಹಳೆಯದು. ಸಮುದಾಯದವರಷ್ಟೇ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರದ ಬದಲು, ಸ್ಥಾನ ಮೀಸಲಾಗಿದ್ದರೂ ಅಂತಿಮವಾಗಿ ಎಲ್ಲರೂ ಮತ ಹಾಕುವ ಸಂಯುಕ್ತ ಮತಕ್ಷೇತ್ರ ಅಲ್ಲಿ ಒಪ್ಪಿತವಾಯಿತು. ಸಂವಿಧಾನದ 325ನೆಯ ವಿಧಿಯೂ ಧರ್ಮ, ಜಾತಿ, ಲಿಂಗಗಳ ಆಧಾರದಲ್ಲಿ ಬೇರೆ ಬೇರೆ ಮತದಾರರ ಪಟ್ಟಿಗೆ ಅವಕಾಶ ಕೊಡುವುದಿಲ್ಲ. ಇಂದು ಕೂಡ್ಲಿಗಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೂ ಹಡಗಲಿ, ಹಗರಿಬೊಮ್ಮನಹಳ್ಳಿ ಕ್ಷೇತ್ರಗಳು ಪರಿಶಿಷ್ಟ ಜಾತಿಗೂ ಮೀಸಲಾಗಿವೆ. ಇವು ಮೂರೂ ಸೇರಿದ ಬಳ್ಳಾರಿ ಲೋಕಸಭಾ ಕ್ಷೇತ್ರ 2009ರಿಂದ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರವಾಗಿದ್ದರೆ, ಹರಪನಹಳ್ಳಿ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿದೆ. ಶತಮಾನಗಳ ಕಾಲ ಮಾತಿನ ಹಕ್ಕನ್ನೇ ಕಳೆದುಕೊಂಡಿದ್ದವರಿಗೆ ಸದನದಲ್ಲಿ ಪೀಠ ದೊರೆಯುವುದು ನ್ಯಾಯದ ಮೊದಲ ಹೆಜ್ಜೆಯಾದರೆ, ಅನ್ಯ ಸಮುದಾಯದವರ ಮತವನ್ನೂ ಪಡೆದು ಅವರಿಗೂ ಹೊಣೆಯಾಗುವುದು ಎರಡನೆಯ ಹೆಜ್ಜೆ.

ಹೋಲಿಕೆಯಿಲ್ಲದೆಯೂ ಪ್ರಾತಿನಿಧ್ಯ ಸಾಧ್ಯವೆಂಬುದಕ್ಕೆ ಕೆನಡಾದ ರಾಜಧಾನಿ ಒಟ್ಟಾವದ ಹೊರವಲಯದ ನೇಪಿಯನ್ ಕ್ಷೇತ್ರ ನಿದರ್ಶನ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಮೂಲದ ಚಂದ್ರ ಆರ್ಯ ಅವರನ್ನು ಹಲವು ಭಾಷೆ, ಹಲವು ಮತಗಳ ಅಲ್ಲಿನ ಮತದಾರರು 2015, 2019 ಮತ್ತು 2021ರಲ್ಲಿ ಸಂಸತ್ತಿಗೆ ಆರಿಸಿ ಕಳುಹಿಸಿದರು. 2022ರ ಮೇ ತಿಂಗಳಲ್ಲಿ ಅವರು ಆ ಸದನದಲ್ಲಿ ಕನ್ನಡದಲ್ಲಿ ಮಾತನಾಡಿದರು. ಅವರನ್ನು ಗೆಲ್ಲಿಸಲು ಕನ್ನಡಿಗರ ಮತಗಳಷ್ಟೇ ಸಾಲುತ್ತಿರಲಿಲ್ಲ ಎಂಬುದೇ ಆ ಗೆಲುವಿನ ತಾತ್ತ್ವಿಕ ಮಹತ್ವ. 2025ರಲ್ಲಿ ಅವರದೇ ಲಿಬರಲ್ ಪಕ್ಷ ಅವರ ಉಮೇದುವಾರಿಕೆಯನ್ನು ರದ್ದುಪಡಿಸಿತು. ಅದೇ ಕ್ಷೇತ್ರದಿಂದ ಪ್ರಧಾನಿ ಮಾರ್ಕ್ ಕಾರ್ನಿ ಸ್ಪರ್ಧಿಸಿ ಗೆದ್ದರು. ಹೊರಗಿನಿಂದ ಬಂದವರನ್ನು ಆರಿಸುವ ಇಂತಹ ಪ್ರಸಂಗ ಬಳ್ಳಾರಿಯ ಜನರಿಗೆ ಅಪರಿಚಿತವಲ್ಲ: 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರಾದಾಗ ಇಬ್ಬರೂ ಹೊರಗಿನವರೇ ಆಗಿದ್ದರು. ಗೆದ್ದ ಸೋನಿಯಾ ಗಾಂಧಿ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಹೊರಗಿನವರೆಂಬುದು ದೋಷವಲ್ಲ, ಮತ ಪಡೆದ ಮೇಲೆ ಜನರೊಂದಿಗೆ ಉಳಿದು ಲೆಕ್ಕ ಒಪ್ಪಿಸುವ ಬಂಧ ಕಡಿದುಹೋಗುವುದೇ ದೋಷ.

ಹೀಗೆ ನೋಡಿದಾಗ ಮತದಾನ ತನ್ನವರನ್ನು ಗುರುತಿಸುವ ಕ್ರಿಯೆಯಲ್ಲ, ಹೊಣೆಯನ್ನು ಒಪ್ಪಿಸುವ ಕ್ರಿಯೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ ಭ್ರಷ್ಟ ಆಚರಣೆ. ಈ ನಿಷೇಧ ಅಭ್ಯರ್ಥಿಯ ಗುರುತಿಗೆ ಮಾತ್ರವಲ್ಲ, ಮತದಾರರ ಗುರುತಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ ಬಹುಮತದಿಂದ ತೀರ್ಪು ನೀಡಿದೆ. ಆದರೆ ಕಾಯಿದೆ ತಡೆಯಬಲ್ಲದ್ದು ಕೇಳುವವರ ಬಾಯಿಯನ್ನು ಮಾತ್ರ, ಹಾಕುವವರ ಮನಸ್ಸನ್ನಲ್ಲ. ಆದ್ದರಿಂದ ಈ ಐದು ತಾಲ್ಲೂಕುಗಳ ಮತದಾರರು ಅಭ್ಯರ್ಥಿಯ ಕುಲವನ್ನು ಕೇಳುವ ಮೊದಲು, ಗೆದ್ದ ಮೇಲೆ ಆ ಅಭ್ಯರ್ಥಿ ತಮಗೆ ಮತ ಹಾಕದವರಿಗೂ ಉತ್ತರ ಕೊಡುವರೇ ಎಂದು ಕೇಳಬೇಕು. ಪ್ರಾತಿನಿಧ್ಯದ ಧರ್ಮ ಉಳಿಯುವುದು ಆ ಪ್ರಶ್ನೆಯನ್ನು ಕೇಳುವವರಿಂದಲೇ.